ಆ ಮೂರು ಕವರು ಕಪಾಟಿನಲ್ಲಿ ಯಾಕಿವೆ?

ಬಂಟ್ವಾಳದ ಅಕ್ಕನಿಗೆ,

ನಿಮ್ಮ ಪತ್ರ ಓದಿದ ಮೇಲೆ ಉಳಿದ ಪತ್ರಗಳನ್ನು ಪಕ್ಕಕ್ಕಿಟ್ಟೆ. ಓದುಗರಿಗಾಗಿ ವಿಷಯ ಇಷ್ಟು: ಬೆಂಗಳೂರಿನಲ್ಲಿರುವ ನಿಮ್ಮ ತಮ್ಮ ಹಿಂದೂ ಹುಡುಗಿಯನ್ನು ರಿಜಿಸ್ಟರ್ ಮದುವೆಯಾಗಿ ಮೂರು ವರ್ಷವಾಯಿತು. ಅವನು ಮನೆಗೆ ಬಂದಿಲ್ಲ, ನೀವೂ ಕರೆದಿಲ್ಲ. ದಿನಾ ಅವನಿಗಾಗಿ ಜಪಸರ ಹೇಳುತ್ತೀರಿ. ಬೆಳಿಗ್ಗೆ ವಾಟ್ಸಾಪಿನಲ್ಲಿ ಒಂದು ಬೈಬಲ್ ವಾಕ್ಯ ಕಳಿಸುತ್ತೀರಿ. ಅವನು ನೋಡುತ್ತಾನೆ, ಉತ್ತರ ಬರೆಯುವುದಿಲ್ಲ. "ಇನ್ನೂ ಎಷ್ಟು ಪ್ರೀತಿ ತೋರಿಸಲಿ?" ಎಂದು ಕೇಳಿದ್ದೀರಿ.

ಆದರೆ ಕೊನೆಯಲ್ಲಿ, ಸುಮ್ನೆ ಹೇಳಿದಂತೆ, ಒಂದು ಸಾಲು ಬರೆದಿದ್ದೀರಿ. ಮೊಂತಿ ಹಬ್ಬಕ್ಕೆ ಅಮ್ಮ ಅವನ ಪಾಲಿನ ಹೊಸ ಭತ್ತವನ್ನು ಕವರಿಗೆ ಹಾಕಿ ನಿಮ್ಮ ಕೈಗೆ ಕೊಡುತ್ತಾರೆ. ಮೂರು ವರ್ಷದ ಮೂರು ಕವರೂ ಕಪಾಟಿನಲ್ಲೇ ಇವೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೊಂತಿ ಹಬ್ಬ ಎಂದರೆ ಸೆಪ್ಟೆಂಬರ್ 8, ಯೇಸುವಿನ ತಾಯಿ ಮರಿಯಳ ಹುಟ್ಟುಹಬ್ಬ. ಕರಾವಳಿಯ ಕೆಥೊಲಿಕರು ಅಂದು ಚರ್ಚಿನಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತರುತ್ತಾರೆ. ಕಾಳು ಸುಲಿದು ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಆಮೇಲೆ ಬಾಳೆಲೆಯಲ್ಲಿ ತರಕಾರಿ ಊಟ, ಅವತ್ತು ಮೀನು ಮಾಂಸ ಇಲ್ಲ. ಬರಲಾಗದವರ ಪಾಲು ಮುಂಬೈಗೂ ಗಲ್ಫಿಗೂ ಅಂಚೆಯಲ್ಲಿ ಹೋಗುತ್ತದೆ. ಪಾಲು ಇದೆ ಎಂದರೆ ಮನೆಯವನು ಎಂದೇ ಲೆಕ್ಕ.

ಅಮ್ಮನ ಕೆಲಸ ಅಮ್ಮ ಮಾಡಿದ್ದಾರೆ. ಹುಷಾರಿಲ್ಲದಿದ್ದರೂ ಮಗನ ಪಾಲು ಎತ್ತಿಟ್ಟಿದ್ದಾರೆ. ಅಂಚೆ ಕಚೇರಿಗೆ ಹೋಗಬೇಕಿದ್ದವರು ನೀವು. ಅವನಿಗೆ ದಿನಾ ತಲುಪಿದ್ದು ಉಪದೇಶ, ಅಮ್ಮನ ಪ್ರೀತಿ ಮಾತ್ರ ಕಪಾಟಿನಲ್ಲಿ ಉಳಿಯಿತು.

ನನಗೆ ಜಾಸ್ತಿ ಸಿಟ್ಟು ಬಂದದ್ದು ನಿಮ್ಮ ಪ್ರಾರ್ಥನಾ ಕೂಟ ನಡೆಸುವ ಹೆಂಗಸಿನ ಮೇಲೆ. "ಅಂಥವರ ಜೊತೆ ಊಟವನ್ನೂ ಮಾಡಬಾರದು ಎಂದು ಪೌಲನೇ ಹೇಳಿದ್ದಾನೆ" ಅಂದರಂತೆ. ಬೈಬಲ್ಲಿನಲ್ಲಿ ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಐದನೇ ಅಧ್ಯಾಯದಲ್ಲಿ ಆ ಮಾತು ಇರುವುದು ನಿಜ. ಅಲ್ಲಿ ಮಾತು ಶುರುವಾಗುವುದು ತಂದೆಯ ಹೆಂಡತಿಯನ್ನೇ ಇಟ್ಟುಕೊಂಡವನ ಬಗ್ಗೆ. ನಿಮ್ಮ ಕೂಟದ ಆ ಹೆಂಗಸು ಏಳನೇ ಅಧ್ಯಾಯದವರೆಗೆ ಓದಲಿಲ್ಲವೇ? ನಂಬಿಕೆಯಿಲ್ಲದ ಹೆಂಡತಿ ಜೊತೆಗಿರಲು ಒಪ್ಪಿದರೆ ಅವಳನ್ನು ಬಿಡಬಾರದು ಎಂದು ಅದೇ ಪೌಲ ಬರೆದಿದ್ದಾನೆ. ಇನ್ನು ಯೇಸು ಯಾರ್ಯಾರ ಜೊತೆ ಕೂತು ಉಂಡರು ಎಂಬುದೇ ಅಂದಿನ ಶಾಸ್ತ್ರಿಗಳ ದೊಡ್ಡ ದೂರಾಗಿತ್ತು, ಅಲ್ವಾ?

ಚರ್ಚಿನ ನಿಯಮವನ್ನೂ ನೀವು ತಪ್ಪು ತಿಳಿದಿದ್ದೀರಿ. ಅನುಮತಿ ಇಲ್ಲದೆ ರಿಜಿಸ್ಟರ್ ಮದುವೆಯಾದವನು ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ಸ್ವೀಕರಿಸುವಂತಿಲ್ಲ, ಅಷ್ಟು ಸರಿ. ಆದರೆ ಅವನು ಬಹಿಷ್ಕೃತನಲ್ಲ. ಪೂಜೆಗೆ ಬರಬಹುದು. ಮುಂದೆ ಬಿಷಪರ ಅನುಮತಿ ಪಡೆದು ಆ ಮದುವೆಯನ್ನು ಸರಿಪಡಿಸಿಕೊಳ್ಳಲು ದಾರಿ ಇದೆ. ಅದಕ್ಕೆ ಅವನ ಹೆಂಡತಿ ಮತ ಬದಲಿಸಬೇಕಿಲ್ಲ. ನಿಮ್ಮ ಫಾದರನ್ನೇ ಕೇಳಿ. ಆದರೆ ಅದು ಅವರಿಬ್ಬರ ನಿರ್ಧಾರ. ನೀವು ಆ ಮಾತು ಎತ್ತಬೇಡಿ.

ಊಟಕ್ಕೆ ಕರೆಯದ ಪ್ರೀತಿಯನ್ನು ನಾನು ನಂಬುವುದಿಲ್ಲ. ಇದನ್ನು ಈ ಅಂಕಣದಲ್ಲಿ ಮೊದಲೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ನೀವು ಮಾಡಬೇಕಾದದ್ದು ಒಂದೇ. ನಾಳೆಯೇ ಮೂರೂ ಕವರನ್ನು ಒಂದು ದೊಡ್ಡ ಕವರಿಗೆ ಹಾಕಿ ಸ್ಪೀಡ್ ಪೋಸ್ಟ್ ಮಾಡಿ. ಮೇಲೆ ಇಬ್ಬರ ಹೆಸರನ್ನೂ ಬರೆಯಿರಿ, ಅವಳದ್ದನ್ನೂ. ಒಳಗೆ ಬೈಬಲ್ ವಾಕ್ಯ ಬೇಡ. "ಇದು ಅಮ್ಮ ನಿನಗಾಗಿ ಎತ್ತಿಟ್ಟದ್ದು. ಕಳಿಸದೆ ಇಟ್ಟುಕೊಂಡವಳು ನಾನು. ಹಬ್ಬಕ್ಕೆ ಇಬ್ಬರೂ ಬನ್ನಿ" ಎಂದಷ್ಟೇ ಬರೆಯಿರಿ. ಅವನು ಫೋನ್ ಮಾಡದೇ ಇರಬಹುದು. ಈ ಸಲ ಬಾರದೆಯೂ ಇರಬಹುದು. ಬರದಿದ್ದರೆ ಸೆಪ್ಟೆಂಬರ್ 9ಕ್ಕೆ ಈ ವರ್ಷದ ಪಾಲನ್ನೂ ಕಳಿಸಿ.