ಕೇಳೀ ಅಂದ್ರ ಕೇಳೂದಲ್ಲ, ಬಾಳಿಹಣ್ಣು

ನಿಪ್ಪಾಣಿಯಾಗ ಕನ್ನಡದವರು ಮರಾಠಿ ಪೇಪರಿನ ಕಾರ್ಟೂನ್ ನೋಡಿ ಹೆಂಗ ನಗತೀರಿ, ಖರೇನ ತಿಳಿತೈತೋ ಇಲ್ಲಾ ಬಾಜೂದವ ನಕ್ಕ ಅಂತ ನಗತೀರೋ ಅಂತ ಕೇಳಿದ್ರಲ್ಲ, ಹೇಳತೀನಿ ತಗೋರಿ, ಸ್ವಲ್ಪ ಉದ್ದ ಆಗಬಹುದು.

ಬಸ್ ಸ್ಟ್ಯಾಂಡ್ ಹತ್ರ ನಾವು ಕೂಡೋ ಚಾದಂಗಡಿ ಐತಿ, ಅಲ್ಲಿ ಒಂದ ಬೆಂಚಿನ ಮ್ಯಾಲ ಎರಡು ಪೇಪರ್ ಬಿದ್ದಿರತಾವ, ಒಂದು ಮರಾಠಿದು ಒಂದು ಕನ್ನಡದ್ದು. ಕೊಲ್ಹಾಪುರ ನಮಗ 40 ಕಿಲೋಮೀಟರ್ ಆಸುಪಾಸು, ಬೆಳಗಾವಿ ಅದಕ್ಕಿಂತ ಭಾಳ ದೂರ, ಹಿಂಗಾಗಿ ಮರಾಠಿ ಪೇಪರ್ ಓದೂದು ಇಲ್ಲಿ ದೊಡ್ಡ ವಿಷಯ ಅಲ್ಲ. ನಮ್ಮಪ್ಪ ಕಲತದ್ದು ಮರಾಠಿ ಸಾಲ್ಯಾಗ, ನಾ ಕನ್ನಡ ಸಾಲ್ಯಾಗ, ಮನ್ಯಾಗ ಮಾತೆಲ್ಲಾ ಕನ್ನಡ, ಆದ್ರ ರೊಕ್ಕ ಎಣಿಸೂ ಮುಂದ ಅಪ್ಪನ ಬಾಯಾಗ ಇವತ್ತಿಗೂ ‘ಬೇ ಏಕೇ ಬೇ’ ಅನ್ನೋ ಮರಾಠಿ ಮಗ್ಗಿನ ಬರತೈತಿ.

ನಾನು ಸಣ್ಣಾವ ಇದ್ದಾಗ ಅಕ್ಷರ ಕೂಡಿಸಿ ಕೂಡಿಸಿ ಓದತಿದ್ದದ್ದು ‘ಚಿಂಟೂ’ ಅನ್ನೋ ಮರಾಠಿ ಕಾರ್ಟೂನ್. ಪುಣೆಯ ಸಕಾಳ ಪೇಪರಿನಾಗ 1991ರಾಗ ಶುರುವಾದದ್ದು, ಚಾರುಹಾಸ ಪಂಡಿತ ಮತ್ತ ಪ್ರಭಾಕರ ವಾಡೇಕರ ಇಬ್ಬರು ಕೂಡಿ ಮಾಡತಿದ್ರು. ಚಿಂಟೂಗ ಬಗಳ್ಯಾ ಅಂತ ಒಬ್ಬ ದೋಸ್ತ ಇದ್ದಾನ. ನಾವು ಕನ್ನಡದ ಹುಡುಗರೆಲ್ಲಾ ಅವನ್ನ ‘ಬೊಗಳ್ಯಾ’ ಅಂತನ ಕರಿತಿದ್ವಿ, ಭಾಳ ಬೊಗಳತಾನ ಅದಕ್ಕ ಆ ಹೆಸರು ಅಂತ ನಾವ ಅರ್ಥಾನೂ ಹಚ್ಚಿಬಿಟ್ಟಿದ್ವಿ. ಮರಾಠಿಯಾಗ ಬಗಳಾ ಅಂದ್ರ ಬೆಳ್ಳಕ್ಕಿ ಅಂತ ಗೊತ್ತಾಗೂದ್ರಾಗ ನನಗ ಮೀಸಿ ಬಂದಿತ್ತು. ಖರೇ ಹೇಳಬೇಕಂದ್ರ ಬೆಳ್ಳಕ್ಕಿಗಿಂತ ನಮ್ಮ ಬೊಗಳ್ಯಾನ ಛಲೋ ಇದ್ದ.

ಇಂಥಾವು ಇಲ್ಲಿ ಸಂತಿ ತುಂಬ ಬಿದ್ದಿರತಾವ. ಮರಾಠಿಯಾಗ ಕೇಳೀ ಅಂದ್ರ ಬಾಳಿಹಣ್ಣು. ಗಾಡಿಯವ ‘ಕೇಳೀ, ಕೇಳೀ’ ಅಂತ ಒದರತಾನ, ನಿಮ್ಮ ಬೆಂಗಳೂರು ಕಡೆಯವರು ಯಾರಾದ್ರೂ ಬಂದಿದ್ರ ನಿಂತು ‘ಹೇಳಿ’ ಅಂತಾರ! ನಾವು ಬೀಳೂದಿಲ್ಲ ಇದಕ್ಕ, ಯಾಕಂದ್ರ ನಮ್ಮ ಕಡೆ ಮರ್ಯಾದಿ ಕೊಟ್ಟು ಹೇಳೂದಿದ್ರ ‘ಕೇಳ್ರಿ’ ಅಂತೀವಿ, ‘ಕೇಳಿ’ ಅನ್ನೂದಿಲ್ಲ. ಇನ್ನೊಂದು, ಮರಾಠಿ ಮುದುಕಿ ಮೊಮ್ಮಗಗ ‘ತ್ಯಾಲಾ ಹಾಕ ಮಾರ’ ಅಂದ್ರ ಅವನ್ನ ಕೂಗಿ ಕರಿ ಅಂತ, ಆದ್ರ ಬಾಜೂಕ ಬದನಿಕಾಯಿ ಹಚ್ಚಿಕೊಂಡು ಕುಂತ ಕನ್ನಡದಾಕಿ ಕಿವಿಗೆ ಬೀಳೂದು ಹಾಕು, ಮಾರು. ತಕ್ಕಡಿಗೆ ಹಾಕು, ಮಾರು, ನಡಿ ಮನಿಗೆ.

ಇವು ಯಾವೂ ಪೇಪರಿನಾಗ ಬರೂದು ಕಷ್ಟ ಐತಿ ನೋಡ್ರಿ. ಪೇಪರ್ ಅಂದಮ್ಯಾಲ ಒಂದ ಭಾಷಾದಾಗ ಇರಬೇಕು, ಮರಾಠಿ ಪೇಪರಿನಾಗ ಇಂಥದ್ದು ಹಾಕಿದ್ರ ಪುಣೆಯವಗ ತಲಿ ತಿರಗತೈತಿ, ಕನ್ನಡದ್ರಾಗ ಹಾಕಿದ್ರ ಮೈಸೂರಿನವಗ. ಹಂಗಾಗಿ ಚಿತ್ರ ಅವರದ್ದು, ಕೆಳಗಿನ ಎರಡನೇ ಮಾತು ನಮ್ಮದು, ಚಾ ಕುಡಿಕೋತ ನಾವ ಸೇರಸ್ತೀವಿ. ಮತ್ತ ಕನ್ನಡ ಕಾರ್ಟೂನಿನಾಗ ನಮ್ಮ ಮಾತು ಬರಂಗಿಲ್ಲ ಅಂತಲ್ಲ, ಬರತೈತಿ, ಆದ್ರ ಪಟಕಾ ಸುತ್ತಿದ ರೈತನ ಬಾಯಾಗ ‘ಹೋಗೇತ್ರಿ, ಬಂದೇತ್ರಿ’ ಅಂತ ತುರುಕಿ ಇದ ಜೋಕು ಅಂತ ಬಿಟ್ಟಿರತಾರ. ಅಲ್ರೀ, ಅದು ಜೋಕಲ್ಲ, ನಾವು ಮಾತಾಡೂದ ಹಂಗ.

ಗಡಿ ಗದ್ದಲ ಎದ್ದ ದಿನ ಮಾತ್ರ ಬ್ಯಾರೆ. ಶಿವಸೇನಾ ಕಟ್ಟಿದ ಬಾಳ ಠಾಕ್ರೆ ಅವರೂ ಮೊದಲು ವ್ಯಂಗ್ಯಚಿತ್ರ ಬರಿತಿದ್ದವರ, 1960ರಾಗ ‘ಮಾರ್ಮಿಕ’ ಅಂತ ವ್ಯಂಗ್ಯಚಿತ್ರದ ವಾರಪತ್ರಿಕೆನೂ ತಗದವರು, ಅಂದ್ರ ನಗೀಗೂ ಗಡಿ ರಾಜಕಾರಣಕ್ಕೂ ನೆಂಟಸ್ತನ ಹಳೇದು. ಅಂಥ ದಿನ ಬೆಂಚಿನ ಮ್ಯಾಲ ಎರಡೂ ಪೇಪರ್ ಇರತಾವ, ಜೋರಾಗಿ ಯಾರೂ ಓದೂದಿಲ್ಲ, ಮಡಚಿ ಇಟ್ಟು ಎದ್ದು ಹೋಗತಾರ.

ನಿಮಗ ಗೊತ್ತಿಲ್ದಿದ್ರ ಒಂದು ಹೆಸರು ಹೇಳತೀನಿ, ಶಿ. ದ. ಫಡಣೀಸ. ಮರಾಠಿ ವ್ಯಂಗ್ಯಚಿತ್ರ ಅಂದ್ರ ಮೊದಲು ಬರೋ ಹೆಸರಿನಾಗ ಒಂದು, ಹುಟ್ಟಿದ್ದು 1925ರ ಜುಲೈ 29ಕ್ಕ, ಎಲ್ಲಿ ಅಂದ್ರ ನಮ್ಮ ಬೆಳಗಾವಿ ಜಿಲ್ಲಾದ ಭೋಜ ಊರಾಗ, ನಿಪ್ಪಾಣಿ ಬಗಲಾಗ. ಮುಂದ ಮುಂಬೈಯ ಜೆ.ಜೆ. ಸ್ಕೂಲಿನಾಗ ಕಲತು ಪುಣೆಯಾಗ ನೆಲಿ ನಿಂತ್ರು. ಅವರು ಹೆಸರು ಮಾಡಿದ್ದ ಮಾತಿಲ್ಲದ ಚಿತ್ರಕ್ಕ. ಒಂದು ಭಾಳ ಫೇಮಸ್ ಐತಿ, ಹುಡುಗನ ಅಂಗಿ ತುಂಬ ಬೆಕ್ಕು, ಹುಡುಗಿ ಸೀರಿ ತುಂಬ ಇಲಿ, ಇಬ್ಬರೂ ಒಂದ ಕಡೆ ನಿಂತಾರ. ಅಷ್ಟ. ಕೆಳಗ ಒಂದಕ್ಷರ ಇಲ್ಲ, ಮರಾಠಿಯವನೂ ನಗತಾನ, ಕನ್ನಡದವನೂ ನಗತಾನ, ಓದಾಕ ಬರದ ನಮ್ಮಜ್ಜಿನೂ ಸೆರಗು ಬಾಯಿಗೆ ಹಿಡಕೊಂಡು ನಕ್ಕಿದ್ಲು. ಎರಡು ಭಾಷಾದ ನಡುವ ಹುಟ್ಟಿದವರು ಭಾಷಾನ ಬಿಟ್ಟುಬಿಟ್ರು ಅಂತ ನನಗ ಅನಸತೈತಿ. ಇದು ನನ್ನ ಅಂದಾಜು ಮತ್ತ, ಅವರು ಹೇಳಿದ್ದಲ್ಲ. ಮೈಸೂರಿನಾಗ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್‌ನೂ ಹಂಗ ಅಲ್ಲೇನ್ರೀ, ಧೋತರ, ಚೌಕಳಿ ಕೋಟು, ಬ್ಯಾರೆಯವರದ್ದೆಲ್ಲಾ ಕೇಳಿಸಿಕೋತ ನಿಂತಿರತಾನ, ತಾ ಮಾತ್ರ ಬಾಯಿ ಬಿಡೂದಿಲ್ಲ.

ನಮ್ಮ ಚಾದಂಗಡಿಗೆ ಅಷ್ಟು ಸಂಯಮ ಎಲ್ಲಿಂದ ಬರಬೇಕ್ರಿ. ಬಜೆಟ್ ದಿನ ಕನ್ನಡ ಪೇಪರಿನಾಗ ‘ಈ ಸಾಲಿನ ಬಜೆಟ್’ ಅಂತ ಬಂದಿತ್ತು. ಇದನ್ನ ‘ಸಾಲದ ಬಜೆಟ್’ ಮಾಡೂದು ನಿಮಗೂ ಗೊತ್ತಿರೋ ಚೇಷ್ಟಿ, ಸಾಲ ಮಾಡಿದ್ದೂ ಹೌದು, ಸಾಲದ ಹೋದದ್ದೂ ಹೌದು. ನಮ್ಮಲ್ಲಿ ಸಾಲಿ ಅಂದ್ರ ಶಾಲೆ, ಅದಕ್ಕ ಒಬ್ಬ ಮಾಸ್ತರು ‘ಸಾಲಿನ ಬಜೆಟ್ ಅಂತೀರಿ, ಸಾಲಿಗೆ ಎಷ್ಟ್ರೀ’ ಅಂದ್ರು. ಮೂಲ್ಯಾಗ ಕುಂತ ಮರಾಠಿ ಮುದುಕ, ತಂಬಾಕು ದಲಾಲಿ ಮಾಡಿ ಮಾಡಿ ಕನ್ನಡ ಕಲತಾವ, ಪೇಪರ್ ಇಸಕೊಂಡು ನೋಡಿದ. ಮರಾಠಿಯಾಗ ಸಾಲ ಅಂದ್ರ ವರ್ಷ, ಮತ್ತ ಹಣ್ಣಿನ ಸಿಪ್ಪಿಗೂ ಸಾಲ ಅಂತಾರ. ಮುದುಕ ಪೇಪರ್ ಮಡಚಿ ಕನ್ನಡದಾಗ ಇಷ್ಟ ಅಂದ: ‘ಕೇಳೀ ಬೆಂಗಳೂರಿನವರು ತಿಂದ್ರು, ಸಾಲ ನಮಗ ಬಿಟ್ರು.’