ಕಲಬುರಗಿ ಬಿಸಿಲಲ್ಲಿ 1 ಲೀಟರ್ ಎಂಜಿನ್‌ಗೆ ಯಾವ ಏರ್ ಇನ್‌ಟೇಕ್ ಒಳ್ಳೆಯದು?

ನಿಮ್ಮದು ಆಲ್ಟೊ ಕೆ10. ಸೇಡಂ ರೋಡಲ್ಲಿ ಸಿಮೆಂಟ್ ಲಾರಿ ದಾಟೋಕೆ ಪಿಕಪ್ ಸಾಲ್ತಿಲ್ಲ, ಕಂಪನಿ ಏರ್ ಬಾಕ್ಸ್ (ಗಾಳಿ ಫಿಲ್ಟರ್ ಕೂರೋ ಮುಚ್ಚಿದ ಡಬ್ಬಿ) ತೆಗೆಸಿ ಓಪನ್ ಕೋನ್ ಫಿಲ್ಟರ್ (ಡಬ್ಬಿ ಇಲ್ಲದ, ಶಂಕುವಿನ ಆಕಾರದ ಫಿಲ್ಟರ್) ಹಾಕಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಿಸಬೇಡಿ ಸರ್. ಬೇರೆ ಊರಲ್ಲಿ ಹೇಗೋ ಏನೋ, ನಮ್ಮ ಕಡೆಗೆ ಅದು ಆಗಿಬರೋದಿಲ್ಲ.

ಕಾರಣ ಬಿಸಿಲು. ಏಪ್ರಿಲ್–ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 42 ಡಿಗ್ರಿ ಇರುತ್ತೆ. ಬಾನೆಟ್ ಒಳಗೆ 70 ಅಂತ ಇಟ್ಟುಕೊಳ್ಳಿ. ಗಾಳಿ ಕಾದಷ್ಟೂ ತೆಳುವಾಗುತ್ತೆ. 42ರ ಗಾಳಿಗೆ ಹೋಲಿಸಿದರೆ 70ರ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 8ರಷ್ಟು ಕಡಿಮೆ. ಕಂಪನಿ ಬಾಕ್ಸ್ ಮುಂದಿನ ಪೈಪಿನಿಂದ ಹೊರಗಿನ ಗಾಳಿ ಎಳೆಯುತ್ತೆ, ಓಪನ್ ಕೋನ್ ಎಂಜಿನ್ ಪಕ್ಕದ ಕಾದ ಗಾಳಿಯನ್ನೇ ಎಳೆಯುತ್ತೆ. ಗಾಡಿಯ ಒಟ್ಟು ಶಕ್ತಿಯೇ 67 ಹಾರ್ಸ್‌ಪವರ್ ಹತ್ತಿರ. ಅದರಲ್ಲೂ ಕಳೆದುಕೊಳ್ಳೋದು ಯಾಕೆ? ಕೋನ್ ಹಾಕಿದ ಮೇಲೆ ಶಬ್ದ ಜೋರಾಗುತ್ತೆ, ಅದಕ್ಕೇ ಗಾಡಿ ಹಾರ್ತಿದೆ ಅನ್ಸುತ್ತೆ, ಅಷ್ಟೇ.

ಇನ್ನು ಧೂಳು. ಇದೇ ನನಗೆ ಜಾಸ್ತಿ ಚಿಂತೆ. ಮಳಖೇಡ, ಸೇಡಂ, ವಾಡಿ ಕಡೆ ಸಿಮೆಂಟ್ ಪುಡಿ, ಶಹಾಬಾದ್ ಕಡೆ ಫರಸಿ ಕಲ್ಲಿನ ಪುಡಿ, ತೊಗರಿ ರಾಶಿ ಟೈಮಲ್ಲಿ ಹೊಲದ ಧೂಳು ಬೇರೆ. 6000 ಆರ್‌ಪಿಎಂನಲ್ಲಿ (ಅಂದರೆ ನಿಮಿಷಕ್ಕೆ 6000 ಸುತ್ತು ತಿರುಗುವಾಗ) ನಿಮ್ಮ ಎಂಜಿನ್ ನಿಮಿಷಕ್ಕೆ 3000 ಲೀಟರ್ ಹತ್ತಿರ ಗಾಳಿ ಕುಡಿಯುತ್ತೆ. ಅದರ ಜೊತೆ ನಯವಾದ ಪುಡಿ ಒಳಗೆ ಹೋದರೆ ಪಿಸ್ಟನ್ ರಿಂಗನ್ನು ಉಜ್ಜುಗಾಗದದ ಹಾಗೆ ಸವೆಸುತ್ತೆ. ನಯವಾದ ಧೂಳು ಹಿಡಿಯೋದರಲ್ಲಿ ಸಾದಾ ಪೇಪರ್ ಫಿಲ್ಟರೇ ಗಟ್ಟಿ.

ಏನಾದರೂ ಹಾಕಿಸಲೇಬೇಕು ಅಂದರೆ, ಅದೇ ಬಾಕ್ಸ್ ಒಳಗೆ ಕೂರುವ, ತೊಳೆದು ಬಳಸುವ ಪ್ಯಾನೆಲ್ ಫಿಲ್ಟರ್ ತಗೊಳ್ಳಿ. ಲಾಭ ಹೆಚ್ಚೆಂದರೆ ಒಂದು ಹಾರ್ಸ್‌ಪವರ್. ಎಣ್ಣೆ ಹಚ್ಚುವ ಕಾಟನ್ ಫಿಲ್ಟರ್ ಆದರೆ ಎಣ್ಣೆ ಅಳತೆ ತಪ್ಪಬಾರದು. ನಾನಾದರೆ ಆ ದುಡ್ಡಿಗೆ ಪೇಪರ್ ಫಿಲ್ಟರನ್ನೇ ಬೇಗ ಬೇಗ ಬದಲಾಯಿಸ್ತೀನಿ. ಟೈರ್ ಅಂಗಡಿಯ ಕಂಪ್ರೆಸರ್ ಗಾಳಿ ಜೋರಾಗಿ ಹೊಡೆಸಬೇಡಿ, ಪೇಪರ್ ಹರಿಯುತ್ತೆ.

ಮೊದಲು ಒಂದು ಕೆಲಸ ಮಾಡಿ. ಎಂಜಿನ್ ಆಫ್ ಮಾಡಿ, ಫಿಲ್ಟರ್ ದಾಟಿದ ಮೇಲಿನ ರಬ್ಬರ್ ಪೈಪ್ ಬಿಚ್ಚಿ, ಬಿಳಿ ಬಟ್ಟೆ ಸುತ್ತಿದ ಬೆರಳಿಂದ ಒಳಗೋಡೆ ಒರೆಸಿ. ಬಟ್ಟೆಗೆ ಧೂಳು ಹತ್ತಿದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ, ಇಲ್ಲವೇ ಪೈಪ್ ಬಿರುಕು ಬಿಟ್ಟಿದೆ. ಬಾಕ್ಸಿನ ಕ್ಲಿಪ್‌ಗಳನ್ನೂ ನೋಡಿ. ಪಿಕಪ್ ಬಿದ್ದಿದ್ದಕ್ಕೆ ಥ್ರಾಟಲ್ ಬಾಡಿಯ (ಎಂಜಿನ್‌ಗೆ ಎಷ್ಟು ಗಾಳಿ ಹೋಗಬೇಕು ಅಂತ ಹತೋಟಿ ಮಾಡೋ ಭಾಗ) ಕೊಳೆ, ಹಳೇ ಸ್ಪಾರ್ಕ್ ಪ್ಲಗ್ ಕೂಡ ಕಾರಣ ಇರಬಹುದು. ಮತ್ತೆ ಲಾರಿ ದಾಟುವಾಗ ಐದನೇ ಗೇರಲ್ಲಿ ಒತ್ತಬೇಡಿ, ಮೂರಕ್ಕೆ ಇಳಿಸಿ. ಈ ಎಂಜಿನ್‌ನ ಎಳೆತ ಸಿಗೋದೇ 3500 ಆರ್‌ಪಿಎಂ ಹತ್ತಿರ.

ಒಂದು ಮರೆತಿದ್ದೆ. ಹಿಂದೆ ಯಾವಾಗಾದರೂ ಬಂಪರ್ ಕೆಲಸ ಆಗಿದೆಯಾ? ಆಗ ಬಾಕ್ಸಿನ ಮುಂದಿನ ಪೈಪನ್ನು ವಾಪಸ್ ಕೂರಿಸದೆ ಬಿಟ್ಟಿರೋ ಸಾಧ್ಯತೆ ಇದೆ. ಹಾಗಾಗಿದ್ದರೆ ನಿಮ್ಮ ಗಾಡಿ ಈಗಾಗಲೇ ಬಾನೆಟ್ ಒಳಗಿನ ಬಿಸಿಗಾಳಿ ಕುಡೀತಿದೆ. ಮಿಸ್ತ್ರಿಗೆ ಹೇಳಿ ಮೊದಲು ಅದನ್ನ ಹಾಕಿಸಿ.