ಟಿ.ಸಿ. ಪತ್ರಕ್ಕೆ ಸಹಿ ಹಾಕುವ ಮುನ್ನ

ಪ್ರಶ್ನೆ: ನಾವು ಸಕಲೇಶಪುರ ತಾಲ್ಲೂಕಿನವರು. ನನ್ನ ಪತಿ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದಾರೆ. ಒಬ್ಬನೇ ಮಗ, ಒಂಬತ್ತು ವರ್ಷ. ಪಟ್ಟಣದ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದುತ್ತಿದ್ದಾನೆ. ಬಾಯಿಮಾತಿನಲ್ಲಿ ಕೇಳಿದರೆ ಪಾಠವನ್ನೆಲ್ಲ ಒಪ್ಪಿಸುತ್ತಾನೆ. ಎಷ್ಟು ಮೂಟೆ ಹಣ್ಣು ಬಂತು, ಯಾರಿಗೆ ಎಷ್ಟು ಕೂಲಿ ಎಂಬುದನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಆದರೆ ಓದಲು ಕೂತರೆ ಸಾಲು ತಪ್ಪುತ್ತದೆ, ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾನೆ, ಬೋರ್ಡಿನ ಮೇಲಿದ್ದುದನ್ನು ಅರ್ಧ ಮಾತ್ರ ಬರೆದುಕೊಂಡು ಬರುತ್ತಾನೆ. ಪ್ರತಿ ಸಲವೂ ಶಾಲೆಗೆ ಹೋಗಿ, ಅವನು ದಡ್ಡನಲ್ಲ, ದಯವಿಟ್ಟು ಗಮನ ಕೊಡಿ ಎಂದು ಬೇಡಿಕೊಂಡು ಅತ್ತು ಬಂದಿದ್ದೇನೆ. ಈಗ ಅವರು, ವೈಯಕ್ತಿಕ ಕಾರಣದಿಂದ ನಾವೇ ಸ್ವಇಚ್ಛೆಯಿಂದ ಟಿ.ಸಿ. ಪಡೆಯುತ್ತಿದ್ದೇವೆ ಎಂದು ಟೈಪು ಮಾಡಿಸಿದ ಪತ್ರ ಕೊಟ್ಟು, ಸಹಿ ಮಾಡಿ ಕನ್ನಡ ಮಾಧ್ಯಮಕ್ಕೆ ಸೇರಿಸಿ ಎನ್ನುತ್ತಿದ್ದಾರೆ. ತಾನೂ ಓದಿನಲ್ಲಿ ಹೀಗೇ ಇದ್ದೆ, ಜಗಳ ಬೇಡ, ಸಹಿ ಹಾಕೋಣ ಎಂಬುದು ಪತಿಯ ಮಾತು. ಶಿಕ್ಷಕಿಯಾಗಿರುವ ನಮ್ಮ ನೆಂಟರೊಬ್ಬರು ಹಾಸನದಲ್ಲಿ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆಯಿರಿ ಎಂದರೆ, ಮೊಮ್ಮಗನಿಗೆ ಅಂಗವಿಕಲ ಎಂಬ ಹಣೆಪಟ್ಟಿ ಕಟ್ಟಬೇಡಿ ಎಂದು ಅತ್ತೆಯವರು ಊಟ ಬಿಟ್ಟು ಕೂತಿದ್ದಾರೆ. ನಾನು ಯಾರ ಮಾತು ಕೇಳಲಿ?
– ಹೆಸರು ಬೇಡ, ಸಕಲೇಶಪುರ ತಾಲ್ಲೂಕು

ಉತ್ತರ: ಸಹೋದರಿ, ಮೊದಲು ಆ ಪತ್ರದ ವಿಚಾರವನ್ನು ತೀರ್ಮಾನಿಸೋಣ, ಏಕೆಂದರೆ ಉಳಿದುದಕ್ಕೆಲ್ಲ ಸಮಯವಿದೆ, ಅದಕ್ಕಿಲ್ಲ. ಸಹಿ ಹಾಕಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೆಯ ಸೆಕ್ಷನ್ ಪ್ರಕಾರ ಎಂಟನೆಯ ತರಗತಿಯವರೆಗಿನ ಶಿಕ್ಷಣ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿಯು ಐದು ಮತ್ತು ಎಂಟನೆಯ ತರಗತಿಗಳಲ್ಲಿ ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ಸರ್ಕಾರಗಳಿಗೆ ಅವಕಾಶ ಕೊಟ್ಟಿತೇ ಹೊರತು ಹೊರಗೆ ಕಳುಹಿಸಲು ಕೊಡಲಿಲ್ಲ. ಶಾಲೆ ತಾನಾಗಿ ಟಿ.ಸಿ. ಕೊಟ್ಟರೆ ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ನೀವೇ ಕೇಳಿ ಪಡೆದಿರಿ ಎಂದಾದರೆ ಯಾರೂ ಯಾರನ್ನೂ ಪ್ರಶ್ನಿಸುವಂತಿಲ್ಲ. ಆ ಪತ್ರವನ್ನು ನೀವು ಬರೆಯದೆ ಅವರೇ ಟೈಪು ಮಾಡಿಸಿ ಕೊಟ್ಟದ್ದಕ್ಕೆ ಬೇರೆ ಕಾರಣ ನನಗಂತೂ ಕಾಣುತ್ತಿಲ್ಲ. ಅದನ್ನು ಹರಿಯಬೇಡಿ, ಹಿಂದಿರುಗಿಸಲೂ ಬೇಡಿ, ಜೋಪಾನವಾಗಿ ತೆಗೆದಿಡಿ.

ನಿಮ್ಮ ಶಾಲೆ ಅಲ್ಪಸಂಖ್ಯಾತ ಸಮುದಾಯದ ಆಡಳಿತಕ್ಕೆ ಸೇರಿದ್ದಾದರೆ, 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೆ ಅನ್ವಯಿಸುವುದಿಲ್ಲ. ಆಗಲೂ ನೀವು ಬರಿಗೈಯಲ್ಲಿ ಉಳಿಯುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಸರ್ಕಾರದಿಂದ ಅನುದಾನ ಪಡೆದ ಶಾಲೆಗಳಿಗೆ ಮಾತ್ರವಲ್ಲ, ಕೇವಲ ಮಾನ್ಯತೆ ಪಡೆದ ಶಾಲೆಗಳಿಗೂ ಅನ್ವಯಿಸುತ್ತದೆ. ಹಳೆಯ 1995ರ ಕಾಯ್ದೆಯಲ್ಲಿ ಏಳು ವಿಧದ ಅಂಗವೈಕಲ್ಯಗಳಷ್ಟೇ ಇದ್ದವು; ಹೊಸ ಕಾಯ್ದೆಯ 21ರ ಪಟ್ಟಿಯಲ್ಲಿ ಡಿಸ್‌ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಗಳೂ (ಬುದ್ಧಿಗೆ ಕೊರತೆಯಿಲ್ಲದಿದ್ದರೂ ಓದು, ಬರಹ ಅಥವಾ ಲೆಕ್ಕದಲ್ಲಿ ತೊಡಕಾಗುವ ಸ್ಥಿತಿ) ಸೇರಿವೆ. ಇದರ 16ನೆಯ ಸೆಕ್ಷನ್ನಿನಲ್ಲಿ ಪೋಷಕರು ಬಹಳಷ್ಟು ಮಂದಿ ಗಮನಿಸದ ಒಂದು ಅಂಶವಿದೆ: ಇಂಥ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ, ತಕ್ಕ ಬೋಧನಾ ಕ್ರಮವನ್ನು ಕೈಗೊಳ್ಳುವ ಹೊಣೆಯನ್ನು ಕಾನೂನು ಶಾಲೆಯ ಮೇಲೇ ಹೊರಿಸಿದೆ. ಹಾಗಾಗಿ ನಿಮ್ಮ ಮಗನ ತಪ್ಪುಗಳನ್ನು ಪಟ್ಟಿ ಮಾಡಿ ಹೇಳುವಾಗ ಶಾಲೆಯವರು ತಮಗೆ ಅರಿವಿಲ್ಲದೆ ತಮ್ಮದೇ ಕರ್ತವ್ಯದ ಪಟ್ಟಿಯನ್ನು ಓದುತ್ತಿದ್ದಾರೆ.

ಆದರೆ ಕಾನೂನನ್ನು ಮೇಜಿನ ಮೇಲೆ ಬಡಿದು ಮಾತಾಡಿ ಎಂದು ನಾನು ಹೇಳುವುದಿಲ್ಲ. ನಾಳೆಯೂ ನಿಮ್ಮ ಮಗ ಅದೇ ಶಿಕ್ಷಕಿಯ ಮುಂದೆ ಕೂರಬೇಕು. ನಿಮ್ಮ ಪತ್ರವನ್ನು ಓದಿದಾಗ ನನಗೆ ಕಂಡ ನಿಜವಾದ ತೊಡಕು ಬೇರೆ. ಇಷ್ಟು ದಿನ ನೀವು ಶಾಲೆಗೆ ಹೋದಾಗಲೆಲ್ಲ ಮಗ ದಡ್ಡನಲ್ಲ ಎಂದು ಸಾಧಿಸುವುದರಲ್ಲೇ ಸಮಯ ಕಳೆದಿದ್ದೀರಿ. ಅವರು ಹೌದು ಎಂದು ತಲೆಯಾಡಿಸಿದರೂ, ಇಲ್ಲ ಎಂದು ತುಟಿ ತಿರುಗಿಸಿದರೂ ಮಾರನೆಯ ದಿನ ತರಗತಿಯಲ್ಲಿ ಏನೂ ಬದಲಾಗುವುದಿಲ್ಲ. ‘ದಯವಿಟ್ಟು ಗಮನ ಕೊಡಿ’ ಎಂಬ ಕೋರಿಕೆಗೆ ಯಾರು ಬೇಕಾದರೂ ‘ಆಗಲಿ’ ಎನ್ನಬಹುದು, ಏಕೆಂದರೆ ಅದರಲ್ಲಿ ಮಾಡಬೇಕಾದ ಕೆಲಸವೇ ಇಲ್ಲ. ಇನ್ನು ಮುಂದೆ ಮಗನ ಬುದ್ಧಿಯ ಚರ್ಚೆಗೆ ಹೋಗಬೇಡಿ. ಸೋಮವಾರದಿಂದ ಯಾವ ಶಿಕ್ಷಕರು, ಯಾವ ಅವಧಿಯಲ್ಲಿ, ಏನು ಮಾಡಬೇಕು ಎಂಬುದನ್ನಷ್ಟೇ ಕೇಳಿ.

ಏನು ಕೇಳಬೇಕೆಂದು ಮನೆಯಲ್ಲಿ ಕುಳಿತು ನಿರ್ಧರಿಸುವುದಕ್ಕೆ ಅವನ ನೋಟ್‌ಪುಸ್ತಕಗಳೇ ಸಾಕು. ಬೋರ್ಡಿನಿಂದ ಅರ್ಧ ಮಾತ್ರ ಇಳಿಸಿಕೊಳ್ಳುತ್ತಾನಾದರೆ, ಶಿಕ್ಷಕರ ಟಿಪ್ಪಣಿಯ ಅಥವಾ ಚೆನ್ನಾಗಿ ಬರೆಯುವ ಸಹಪಾಠಿಯ ಪುಸ್ತಕದ ಜೆರಾಕ್ಸ್ ಪ್ರತಿಯನ್ನು ಅಂದಂದೇ ಕೊಡಲು ಕೇಳಿ. ಅದರ ಖರ್ಚನ್ನು ನಾವೇ ಭರಿಸುತ್ತೇವೆಂದು ನೀವು ಹೇಳಿದರೆ ಬೇಡ ಎನ್ನಲು ಅವರಿಗೆ ಕಾರಣ ಉಳಿಯದು. ತರಗತಿಯ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಓದಿಸುವುದನ್ನು ನಿಲ್ಲಿಸಬೇಕೆಂದೂ, ಓದಿಸಲೇಬೇಕಿದ್ದರೆ ಯಾವ ಭಾಗವೆಂಬುದನ್ನು ಹಿಂದಿನ ದಿನವೇ ತಿಳಿಸಬೇಕೆಂದೂ ಕೇಳಿ. ಬಾಯಲ್ಲಿ ಸರಿಯಾಗಿ ಹೇಳುವ ಮಗುವಿಗೆ ಪರಿಸರ ಅಧ್ಯಯನದ ಪ್ರಶ್ನೆಗಳನ್ನು ಮೌಖಿಕವಾಗಿ ಕೇಳಿ ಅಂಕ ಕೊಡಬಹುದು. ಭಾಷೆಯಲ್ಲದ ವಿಷಯಗಳಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯದಿರಬಹುದು. ಹತ್ತು ಲೆಕ್ಕ ಕೊಟ್ಟಲ್ಲಿ ಐದು ಸಾಕೆನ್ನಬಹುದು, ಏಕೆಂದರೆ ಅವನಿಗೆ ಲೆಕ್ಕ ಬಾರದ ಕಷ್ಟವಿಲ್ಲ, ಅದನ್ನು ನೋಡಿ ಬರೆದುಕೊಳ್ಳುವುದೇ ಕಷ್ಟ. ಕಿರುಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಸಮಯ, ಮುಂದಿನ ಬೆಂಚಿನಲ್ಲಿ ಜಾಗ. ಇವುಗಳಲ್ಲಿ ಯಾವುದಕ್ಕೂ ಶಾಲೆ ಹೊಸ ಕೊಠಡಿ ಕಟ್ಟಿಸಬೇಕಿಲ್ಲ. ಎಲ್ಲವನ್ನೂ ಒಂದೇ ಸಲ ಕೇಳುವುದಕ್ಕಿಂತ, ಮಗನ ದಿನವನ್ನು ಅತಿ ಹೆಚ್ಚು ಹಾಳು ಮಾಡುತ್ತಿರುವ ಮೂರನ್ನು ಆರಿಸಿಕೊಳ್ಳಿ. ಯಾವ ಮೂರು ಎಂಬುದನ್ನು ಅವನನ್ನೇ ಕೇಳಿ; ಅವನ ಉತ್ತರ ನಿಮ್ಮ ಊಹೆಗಿಂತ ಬೇರೆಯಾಗಿರುವ ಸಾಧ್ಯತೆಯೇ ಹೆಚ್ಚು. ಅವನನ್ನು ಹೊಡೆಯುವುದೋ, ಎಲ್ಲರೆದುರು ಹಂಗಿಸುವುದೋ ನಡೆದಿದ್ದರೆ ಅದು ಈ ಕೋರಿಕೆಗಳ ಪಟ್ಟಿಗೆ ಸೇರುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿರುವುದರಿಂದ ಅದನ್ನು ಪ್ರತ್ಯೇಕವಾಗಿ, ನೇರವಾಗಿ ಬರೆದುಕೊಡಿ.

ಹೌದು, ಬರೆದುಕೊಡಿ. ಬಾಯಿಮಾತಿನ ಭೇಟಿಗಳಿಂದ ಏನಾಯಿತೆಂಬುದನ್ನು ನೀವೇ ಕಂಡಿದ್ದೀರಿ. ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಪತ್ರ ಸಾಕು: ಮಗನ ಹೆಸರು, ತರಗತಿ, ಶಾಲೆಯವರೇ ಯಾವಾಗ ಯಾವ ತೊಂದರೆಯನ್ನು ಹೇಳಿದರು, ತಪಾಸಣೆಗೆ ಕರೆದೊಯ್ಯುತ್ತಿದ್ದೇವೆ, ವರದಿ ಬರುವವರೆಗೆ ಈ ಮೂರು ಅನುಕೂಲಗಳನ್ನು ಕಲ್ಪಿಸಬೇಕು, ನಾವು ಟಿ.ಸಿ. ಕೇಳಿಲ್ಲ, ಕೇಳುವ ಉದ್ದೇಶವೂ ಇಲ್ಲ. ಕೊನೆಯ ವಾಕ್ಯವನ್ನು ಮರೆಯಬೇಡಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಶಾಲೆಯ ಮೊಹರು ಮತ್ತು ದಿನಾಂಕದೊಂದಿಗೆ ಸ್ವೀಕೃತಿ ಪಡೆಯಿರಿ. ಕೊಡಲು ಒಪ್ಪದಿದ್ದರೆ ಮುಖ ಕೆಡಿಸಿಕೊಳ್ಳದೆ ಹೊರಬಂದು ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳಿ. ಭೇಟಿಯಲ್ಲಿ ಅವರು ಒಪ್ಪಿದ್ದನ್ನು ಮನೆಗೆ ಬಂದ ದಿನವೇ ‘ಇಂದು ತಾವು ಇಂತಿಂಥದಕ್ಕೆ ಒಪ್ಪಿದ್ದೀರಿ, ಧನ್ಯವಾದಗಳು’ ಎಂದು ಬರೆದು ಕಳುಹಿಸಿ. ಧನ್ಯವಾದದ ಪತ್ರಕ್ಕೆ ಯಾರೂ ಆಕ್ಷೇಪ ಎತ್ತುವುದಿಲ್ಲ, ದಾಖಲೆಯೂ ಉಳಿಯುತ್ತದೆ.

ಇದಕ್ಕೂ ಶಾಲೆ ಬಗ್ಗದಿದ್ದರೆ ಮುಂದಿನ ಬಾಗಿಲು ಕ್ಷೇತ್ರ ಶಿಕ್ಷಣಾಧಿಕಾರಿಗಳದು, ಅದರ ಮೇಲೆ ಹಾಸನದ ಉಪನಿರ್ದೇಶಕರ ಕಚೇರಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿ.ಆರ್.ಸಿ.) ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬಿ.ಐ.ಇ.ಆರ್.ಟಿ. ಎಂದು ಕರೆಯುವ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಅವರ ಕೆಲಸ ಮುಖ್ಯವಾಗಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳೊಡನೆಯೇ ಆದರೂ ದೂರು ಕೊಡುವ ಮೊದಲೇ ಒಮ್ಮೆ ಹೋಗಿ ಕಾಣಿ, ಯಾವ ಅನುಕೂಲ ಕೇಳಬೇಕೆಂಬುದನ್ನು ಅವರು ನನಗಿಂತ ಚೆನ್ನಾಗಿ ಹೇಳಬಲ್ಲರು. ಬೆಂಗಳೂರಿನಲ್ಲಿರುವ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಮತ್ತು ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರ ಕಚೇರಿಗಳಿಗೂ ಬರೆಯಬಹುದು, ಆದರೆ ಅಲ್ಲಿಯವರೆಗೆ ಹೋಗುವ ಅಗತ್ಯ ನಿಮಗೆ ಬರಲಾರದೆಂದೇ ನನ್ನ ಅಂದಾಜು.

ಇನ್ನು ತಪಾಸಣೆ. ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆಯಾಗಲಿ. ಸಾಲು ತಪ್ಪುವುದಕ್ಕೂ ಬೋರ್ಡು ಕಾಣದಿರುವುದಕ್ಕೂ ಕೆಲವೊಮ್ಮೆ ಕಾರಣ ಅಷ್ಟೇ ಇರುತ್ತದೆ. ಅನಂತರ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಹೋಗಿ ಮಕ್ಕಳ ವಿಭಾಗದಲ್ಲೂ ಮನೋವೈದ್ಯಕೀಯ ವಿಭಾಗದಲ್ಲೂ ತೋರಿಸಿ. ಅಲ್ಲಿಂದ ಮುಂದಕ್ಕೆ ಕಳುಹಿಸಿದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕಲಿಕಾ ನ್ಯೂನತೆಯ ಪೂರ್ಣ ಪರೀಕ್ಷೆ ನಡೆಯುತ್ತದೆ. ಓದು ಬರಹದ ಪರೀಕ್ಷೆಯನ್ನು ಕನ್ನಡದಲ್ಲೂ ಮಾಡುವಂತೆ ಕೇಳಿಕೊಳ್ಳಿ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದರೆ, ಮನೆಯಲ್ಲಿ ಆಡದ ಭಾಷೆಯ ಕೊರತೆ ಯಾವುದು, ಓದಿನ ತೊಡಕು ಯಾವುದು ಎಂಬುದು ಬೇರೆಯಾಗಿ ತಿಳಿಯದು. ಹೋಗುವಾಗ ಎರಡು ವರ್ಷದ ನೋಟ್‌ಪುಸ್ತಕಗಳನ್ನೂ ಪರೀಕ್ಷೆಯ ಉತ್ತರಪತ್ರಿಕೆಗಳನ್ನೂ ಒಯ್ಯಿರಿ.

ಅತ್ತೆಯವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಊರಿನ ಬಾಯಿ ಹೇಗಿರುತ್ತದೆಂದು ನಮಗಿಂತ ಅವರಿಗೆ ಗೊತ್ತು. ಆದರೆ ಅವರಿಗೆ ಎರಡು ಸಂಗತಿಗಳನ್ನು ಬಿಡಿಸಿ ಹೇಳಬೇಕು. ಒಂದು, ತಪಾಸಣೆಯ ವರದಿ ಬೇರೆ, ಅಂಗವೈಕಲ್ಯದ ಪ್ರಮಾಣಪತ್ರ ಬೇರೆ. ತರಗತಿಯಲ್ಲಿ ಮೇಲೆ ಹೇಳಿದ ಅನುಕೂಲಗಳು ಆರಂಭವಾಗಲು ಸದ್ಯಕ್ಕೆ ವರದಿಯೊಂದಿದ್ದರೂ ಸಾಕು. ಎಂಟು ವರ್ಷ ತುಂಬಿದ ಮಕ್ಕಳಿಗೆ ಪ್ರಮಾಣಪತ್ರ ಸಿಗುವುದರಿಂದ ನಿಮ್ಮ ಮಗನಿಗೆ ಈಗಲೂ ಪಡೆಯಬಹುದು, ಮನೆಯವರೆಲ್ಲ ಒಪ್ಪಿದ ಮೇಲೂ ಪಡೆಯಬಹುದು. ಎರಡನೆಯದು, ಆ ಕಾಗದವನ್ನು ಯಾರಿಗೆ ಯಾವಾಗ ತೋರಿಸಬೇಕೆಂಬುದು ನಿಮ್ಮ ಕೈಯಲ್ಲೇ ಇರುತ್ತದೆ. ಜಮೀನಿನ ಪಹಣಿಯನ್ನು ಕೊರಳಿಗೆ ಕಟ್ಟಿಕೊಂಡು ಯಾರೂ ಸಂತೆಗೆ ಹೋಗುವುದಿಲ್ಲ, ಬ್ಯಾಂಕಿನವರು ಕೇಳಿದ ದಿನ ಟ್ರಂಕಿನಿಂದ ತೆಗೆಯುತ್ತಾರೆ; ಇದೂ ಅಷ್ಟೇ. ಅತ್ತೆಯವರನ್ನು ಹಾಸನಕ್ಕೆ ಜೊತೆಯಲ್ಲೇ ಕರೆದೊಯ್ದು, ವೈದ್ಯರ ಬಾಯಿಂದಲೇ ಕೇಳಿಸಿ. ಸೊಸೆ ಹೇಳಿದರೆ ವಾದವಾಗುವ ಮಾತು ವೈದ್ಯರು ಹೇಳಿದಾಗ ಬೇಗ ಮನಸ್ಸಿಗೆ ಹಿಡಿಯುತ್ತದೆ.

ಪ್ರಮಾಣಪತ್ರದ ಅಗತ್ಯ ನಿಜವಾಗಿ ಬೀಳುವುದು ಎಸ್.ಎಸ್.ಎಲ್.ಸಿ.ಯ ಹೊತ್ತಿಗೆ. ಹೆಚ್ಚುವರಿ ಸಮಯ, ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಗಳ ವಿನಾಯಿತಿ ಇವೆಲ್ಲ 2016ರ ಕಾಯ್ದೆಯ 17ನೆಯ ಸೆಕ್ಷನ್ನಿನಲ್ಲೇ ಹೆಸರಿಸಿ ಹೇಳಿರುವ ಅನುಕೂಲಗಳು. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯು ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇರಬಾರದೆಂದು ಹೇಳಿತ್ತು. ಭಾಷೆಯ ವಿನಾಯಿತಿಯನ್ನು ಮಾತ್ರ ಅವಸರದಲ್ಲಿ ಕೇಳಬೇಡಿ ಎಂಬುದು ನನ್ನ ಅಭಿಪ್ರಾಯ. ಮೂರನೆಯ ಭಾಷೆಯ ಹೊರೆ ಇಳಿದರೆ ಸಂತೋಷವೇ, ಆದರೆ ಅವನು ಉಸಿರಾಡುವಷ್ಟು ಸಹಜವಾಗಿ ಆಡುವ ಕನ್ನಡವನ್ನು ಬರಹದಲ್ಲಿ ಬಿಡಿಸಿಬಿಟ್ಟರೆ ಮುಂದೆ ಅರ್ಜಿ ಬರೆಯುವುದಕ್ಕೂ ಇನ್ನೊಬ್ಬರನ್ನು ಹುಡುಕಬೇಕಾದೀತು. ಕಾಗದದ ಮೇಲೆ ಹಕ್ಕಿದ್ದರಷ್ಟೇ ಸಾಲದು ಎಂಬುದಕ್ಕೆ 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಅವನಿ ಪ್ರಕಾಶ್ ಪ್ರಕರಣ ಸಾಕ್ಷಿ. ಬರವಣಿಗೆಯ ನ್ಯೂನತೆಯಿದ್ದ ಆ ವಿದ್ಯಾರ್ಥಿನಿಗೆ ನೀಟ್ ಪರೀಕ್ಷೆಯಲ್ಲಿ ಸಿಗಬೇಕಿದ್ದ ಹೆಚ್ಚುವರಿ ಒಂದು ಗಂಟೆಯನ್ನು ಪರೀಕ್ಷಾ ಕೇಂದ್ರದಲ್ಲಿ ಕೊಡಲಿಲ್ಲ. ನ್ಯಾಯಾಲಯ ಅದನ್ನು ಅನ್ಯಾಯವೆಂದು ಹೇಳಿ ಪರಿಹಾರ ಯೋಚಿಸುವಂತೆ ಪರೀಕ್ಷಾ ಸಂಸ್ಥೆಗೆ ಸೂಚಿಸಿತು, ಆದರೆ ಮರುಪರೀಕ್ಷೆಗೆ ಆದೇಶಿಸಲಿಲ್ಲ. ಆದ್ದರಿಂದ ಮುಖ್ಯೋಪಾಧ್ಯಾಯರ ಒಪ್ಪಿಗೆ ಸಿಕ್ಕಿತೆಂದು ಮನೆಗೆ ಬಂದುಬಿಡಬೇಡಿ. ಅದು ತರಗತಿಯ ಶಿಕ್ಷಕಿಯವರೆಗೂ, ಪರೀಕ್ಷೆಯ ದಿನ ಕೊಠಡಿಯಲ್ಲಿರುವವರವರೆಗೂ ಮುಟ್ಟಿದೆಯೇ ಎಂದು ನೋಡಿಕೊಳ್ಳಿ.

ಕನ್ನಡ ಮಾಧ್ಯಮಕ್ಕೆ ಸೇರಿಸಿ ಎಂಬ ಸಲಹೆಯಲ್ಲಿ ಅರ್ಧ ಸತ್ಯವಿದೆ. ತಿಳಿದ ಭಾಷೆಯಲ್ಲಿ ಪಾಠ ನಡೆದರೆ ವಿಷಯ ಅರ್ಥವಾಗುವುದು ಸುಲಭ. ಆದರೆ ಒತ್ತಕ್ಷರ, ದೀರ್ಘ, ಅಲ್ಪಪ್ರಾಣ, ಮಹಾಪ್ರಾಣಗಳಲ್ಲಿ ಎಡವುವ ಮಗು ಅಲ್ಲಿಯೂ ಎಡವುತ್ತದೆ, ಮಾಧ್ಯಮ ಬದಲಾದ ಮಾತ್ರಕ್ಕೆ ಕಲಿಕಾ ನ್ಯೂನತೆ ಹೋಗುವುದಿಲ್ಲ. ಮುಂದೆ ಎಂದಾದರೂ ಒಳ್ಳೆಯ ಸರ್ಕಾರಿ ಶಾಲೆಯನ್ನು ನೋಡಿ, ಶಿಕ್ಷಕರೊಡನೆ ಮಾತಾಡಿ ನೀವೇ ಸೇರಿಸಬೇಕೆನಿಸಿದರೆ ಸೇರಿಸಿ. ಯಾರೋ ತಮ್ಮ ಫಲಿತಾಂಶ ಉಳಿಸಿಕೊಳ್ಳಲು ದಬ್ಬಿದರೆಂದು ಹೋಗಬೇಡಿ.

ಕೊನೆಗೆ ನಿಮ್ಮ ಪತಿ. ತಾನೂ ಹೀಗೇ ಇದ್ದೆ ಎಂಬ ಅವರ ಮಾತನ್ನು ಉದಾಸೀನವೆಂದು ತಿಳಿಯಬೇಡಿ. ಕಲಿಕಾ ನ್ಯೂನತೆ ಎಷ್ಟೋ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ, ಅದರಲ್ಲಿ ಯಾರ ತಪ್ಪೂ ಇರುವುದಿಲ್ಲ. ಶಾಲೆಯ ಕೊಠಡಿಗೆ ಕಾಲಿಡಲು ಅವರಿಗೇ ಅಳುಕಿರಬಹುದು. ಆ ದಿನಗಳಲ್ಲಿ ಅವರಿಗೆ ಏನಾಗುತ್ತಿತ್ತು ಎಂಬುದನ್ನು ವೈದ್ಯರ ಮುಂದೆ ಅವರೇ ಹೇಳಲಿ, ತಪಾಸಣೆಗೆ ಅದು ಉಪಯುಕ್ತ ಮಾಹಿತಿ. ಶಾಲೆಯ ಮುಂದಿನ ಭೇಟಿಗೆ ಇಬ್ಬರೂ ಹೋಗಿ. ಮಾತು ನೀವಾಡಿ, ಅವರು ಪಕ್ಕದಲ್ಲಿ ಕುಳಿತು, ಯಾರು ಏನು ಒಪ್ಪಿದರು ಎಂಬುದನ್ನು ದಿನಾಂಕ ಸಹಿತ ಬರೆದುಕೊಳ್ಳಲಿ. ತೋಟದ ಹಾಜರಿಯನ್ನೂ ಲೆಕ್ಕವನ್ನೂ ನಿತ್ಯ ಬರೆಯುವವರಿಗೆ ಅದು ಕಷ್ಟವಾಗಲಾರದು. ತಪಾಸಣೆಯ ವರದಿ ಬಂದ ಮೇಲೆ ಅದರಲ್ಲಿ ಅರ್ಥವಾಗದ್ದೇನಾದರೂ ಇದ್ದರೆ, ಮಗನ ಹೆಸರನ್ನು ಮರೆಮಾಡಿ ಒಂದು ಪ್ರತಿಯನ್ನು ಈ ಅಂಕಣಕ್ಕೆ ಕಳುಹಿಸಿ. ಶಾಲೆಗೆ ಬರೆಯುವ ಎರಡನೆಯ ಪತ್ರದಲ್ಲಿ ಏನಿರಬೇಕೆಂದು ಆಗ ಹೇಳುತ್ತೇನೆ.